ಪಡ ಬಿದ್ದ ಹೊಲದಲ್ಲಿ ಗಿಡ ಹಚ್ಚುವುದು: ವಿಜಯಪುರದ ಬಿಸಿಲಿಗೆ ತಕ್ಕ ಮಾರ್ಗದರ್ಶಿ

ಬಬಲೇಶ್ವರದ ಕಡೆ ನಮ್ಮ ಮನೆತನದ 6 ಎಕರೆ ಹೊಲ 12 ವರ್ಷ ಉಳುಮೆಯಿಲ್ಲದೆ ಪಡ ಬಿದ್ದಿತ್ತು. ಅಣ್ಣತಮ್ಮಂದಿರು ಸೊಲ್ಲಾಪುರ, ಪುಣೆ ಎಂದು ಹೊರಟುಹೋದರು. ಆಳು ಸಿಗಲಿಲ್ಲ, ಎತ್ತು ಮಾರಿದೆವು, ಹೊಲಕ್ಕೆ ಬಳ್ಳಾರಿ ಜಾಲಿ ಬಂದು ಕೂತಿತು. ಮತ್ತೆ ಅದನ್ನು ಜೋಳದ ಹೊಲ ಮಾಡುವ ಶಕ್ತಿ ನನಗಿರಲಿಲ್ಲ, ಮಾರುವ ಮನಸ್ಸೂ ಇರಲಿಲ್ಲ. ಗಿಡ ಹಚ್ಚಿ ಬಿಡೋಣ ಎಂದುಕೊಂಡೆ. ಮೊದಲ ವರ್ಷ ಮೃಗಶಿರ ಮಳೆ ಬಿದ್ದ ಮೂರನೆಯ ದಿನವೇ ಆಳೆತ್ತರದ 300 ಸಸಿ ತಂದು ನೆಟ್ಟೆ. ಎತ್ತರದ ಸಸಿ ತಂದರೆ ಎರಡು ವರ್ಷದ ಕಾಯುವಿಕೆ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಮುಂದಿನ ಯುಗಾದಿಗೆ ಹಸಿರಾಗಿ ಉಳಿದದ್ದು 41. ಒಣಗಿದವನ್ನು ಕಿತ್ತು ನೋಡಿದೆ. ಬೇರು ಇನ್ನೂ ಚೀಲದ ಆಕಾರದಲ್ಲೇ ಸುರುಳಿ ಸುತ್ತಿಕೊಂಡಿತ್ತು. ಹತ್ತು ತಿಂಗಳಲ್ಲಿ ಒಂದು ಗೇಣೂ ಕೆಳಗೆ ಇಳಿದಿರಲಿಲ್ಲ.

ಮುಂದೆ ಹೇಳುವುದೆಲ್ಲ ಆ ಬೇರಿನ ಸುತ್ತಲಿನ ಮಾತೇ. ಮೊದಲ ಮಳೆಗಾಲ ಮುಗಿಯುವ ಮುನ್ನ ಬೇರು ಕನಿಷ್ಠ ಒಂದೂವರೆ, ಎರಡು ಅಡಿ ಇಳಿದಿರಬೇಕು. ಇಳಿದಿದ್ದರೆ ಏಪ್ರಿಲ್‌ನಲ್ಲಿ ಎಲೆಯೆಲ್ಲ ಉದುರಿದರೂ ಗಿಡ ಚಿಗುರುತ್ತದೆ. ಇಳಿದಿರದಿದ್ದರೆ ದಿನಾ ಒಂದು ಕೊಡ ನೀರು ಸುರಿದರೂ ಅದು ನಿಮ್ಮ ಕೈ ನೋಡುತ್ತಲೇ ಇರುತ್ತದೆ.

ಮೊದಲು ಮಣ್ಣು ನೋಡಿ

ಒಂದೇ ಹೊಲದಲ್ಲಿ ಎರಡು ಮೂರು ಬಗೆಯ ಮಣ್ಣು ಇರುವುದು ನಮ್ಮ ಕಡೆ ಸಾಮಾನ್ಯ. ಮೇಲೆ ಮಡ್ಡಿ (ಕಲ್ಲು ನೆಲ), ನಡುವೆ ಮಸಾರಿ (ಕೆಂಪು ಮಣ್ಣು), ಕೆಳಗೆ ಎರೆ (ಕಪ್ಪು ಮಣ್ಣು). ಬೇಸಿಗೆಯಲ್ಲಿ ಹೊಲದ ಮೂರು ಕಡೆ ಮೂರಡಿ ಆಳದ ತಗ್ಗು ತೆಗೆಸಿ, ಒಳಗಿಳಿದು ನೋಡಿ. ಒಂದಡಿಗೇ ಗರಸು (ಹರಳುಗಲ್ಲಿನ ನೆಲ) ಅಥವಾ ಬಂಡೆ ಸಿಕ್ಕರೆ ಅಲ್ಲಿ ಹುಣಸೆ, ಮಾವಿನ ಆಸೆ ಬಿಡಿ. ಕೆಂಪು ಮಸಾರಿಯಾದರೆ ಕೆಲಸ ಸುಲಭ; ನೀರು ಇಂಗುತ್ತದೆ, ಬೇರು ದಾರಿ ಮಾಡಿಕೊಳ್ಳುತ್ತದೆ. ಎರೆ ಭೂಮಿಯ ವ್ಯವಹಾರವೇ ಬೇರೆ. ಅದು ನೀರನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ ನಿಜ, ಆದರೆ ಮಾರ್ಚ್ ಬರುವಷ್ಟರಲ್ಲಿ ಕೈ ತೂರಿಸುವಷ್ಟು ಬಾಯಿ ಬಿಡುತ್ತದೆ. ಬಿರುಕು ಎಳೆಯ ಬೇರನ್ನು ಹರಿಯುತ್ತದೆ, ಉಳಿದ ಬೇರಿಗೆ ಬಿಸಿಗಾಳಿ ತಾಗಿಸುತ್ತದೆ. ನಮ್ಮ ಡೋಣಿ ಹೊಳೆಯ ಬಗೆಗಿನ ‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎಂಬ ಮಾತು ಹುಟ್ಟಿದ್ದು ಅಂಥ ಆಳವಾದ ಎರೆಯಲ್ಲಿ; ಆ ಮಣ್ಣು ಹಿಂಗಾರಿ ಜೋಳಕ್ಕೆ ಕೊಡುವ ಮರ್ಯಾದೆಯನ್ನು ಗಿಡಕ್ಕೆ ಕೊಡುವುದಿಲ್ಲ.

ನಾಲ್ಕನೆಯದು ಸವಳು-ಜವಳು. ಕಾಲುವೆ ನೀರು ಹಾಯಿಸಿ ಹಾಯಿಸಿ ಕೆಟ್ಟ ನೆಲ, ಕೃಷ್ಣಾ ಮತ್ತು ಘಟಪ್ರಭಾ ತೀರದ ಊರುಗಳಲ್ಲಿ ಕಾಣುತ್ತದೆ. ಬೇಸಿಗೆಯಲ್ಲಿ ಮೇಲ್ಮೈಗೆ ಬಿಳಿ ಉಪ್ಪು ಬಂದಿದ್ದರೆ ಮಣ್ಣು ಪರೀಕ್ಷೆ ಮಾಡಿಸದೆ ಒಂದು ಸಸಿಯನ್ನೂ ಕೊಳ್ಳಬೇಡಿ. ಅಲ್ಲಿ ತಗ್ಗು ತೆಗೆಯಬಾರದು, ಒಂದೂವರೆ ಅಡಿ ಎತ್ತರದ ದಿಬ್ಬ ಕಟ್ಟಿ ಅದರ ಮೇಲೆ ಕರಿಜಾಲಿ, ಹೊಂಗೆ ಹಚ್ಚಬೇಕು. ಉಪ್ಪು ಬಸಿದುಹೋಗಲು ಬದುವಿನ ಆಚೆ ಕಾಲುವೆಯೂ ಬೇಕು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಪಡ ಬಿದ್ದ ನೆಲವೆಲ್ಲ ಬರಿದಾದ ನೆಲವಲ್ಲ. ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿ ಸುತ್ತಲಿನ ಕುರುಚಲು ಪ್ರದೇಶವನ್ನು 2016ರಲ್ಲಿ ಚಿಂಕಾರ ಎಂಬ ಹುಲ್ಲೆಯ ವನ್ಯಧಾಮವೆಂದು ಘೋಷಿಸಿದ್ದು ಅದು ದಟ್ಟ ಕಾಡು ಎಂಬ ಕಾರಣಕ್ಕಲ್ಲ. ಮುಳ್ಳುಕಂಟಿ, ಹುಲ್ಲು, ಬಯಲು ಇರುವುದರಿಂದಲೇ ಆ ಪ್ರಾಣಿ ಅಲ್ಲಿದೆ. ನಿಮ್ಮ ಮಡ್ಡಿಯಲ್ಲಿ ಒಳ್ಳೆಯ ಹುಲ್ಲು ಬೆಳೆದಿದ್ದರೆ, ಕವಳಿ, ಬೋರೆ ಕಂಟಿಗಳು ತಾವಾಗಿ ಬಂದಿದ್ದರೆ, ಆ ಭಾಗವನ್ನು ಅಗೆಯದೆ ಬಿಡಿ. ನಾನು 6 ಎಕರೆಯಲ್ಲಿ ಒಂದೂವರೆ ಎಕರೆ ಹಾಗೆ ಬಿಟ್ಟಿದ್ದೇನೆ. ನೆರೆಯವರಿಗೆ ಅದು ಸೋಮಾರಿತನದಂತೆ ಕಾಣುತ್ತದೆ.

ಯಾವ ಗಿಡ, ಎಷ್ಟು

ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಮಳೆ, ಅದರಲ್ಲೂ ಹೆಚ್ಚಿನ ಪಾಲು ಸೆಪ್ಟೆಂಬರ್ ಸುತ್ತಮುತ್ತ. ಈ ಲೆಕ್ಕಕ್ಕೆ ಹೊಂದುವ ಗಿಡಗಳು ನಿಮ್ಮ ಊರಿನ ಒಡ್ಡುಗಳ ಮೇಲೆ ಈಗಾಗಲೇ ನಿಂತಿವೆ. ಒಂದು ಸಂಜೆ ಸುತ್ತಾಡಿ ನೋಡಿಕೊಂಡು ಬಂದರೆ ಅರ್ಧ ಪಟ್ಟಿ ಸಿದ್ಧವಾಗುತ್ತದೆ. ಮಸಾರಿಗೆ ಬೇವು, ಹುಣಸೆ, ಕಮರ, ಬಾಗೆ, ಸೀತಾಫಲ, ಬಿಲ್ವ. ಎರೆಗೆ ಕರಿಜಾಲಿ, ಬೇವು, ಹೊಂಗೆ, ಬನ್ನಿ. ಹಳ್ಳದ ದಂಡೆ ಇದ್ದರೆ ನೇರಳೆ, ಅತ್ತಿ, ಹೊಂಗೆ. ಗರಸಿಗೆ ಬೋರೆ, ಸೀತಾಫಲ, ಕಮರ, ಕಕ್ಕೆ. ಒಂದೇ ಜಾತಿಯನ್ನು ಸಾಲುಸಾಲಾಗಿ ಹಚ್ಚುವುದು ನನಗೆ ಸೇರುವುದಿಲ್ಲ. ಒಂದು ಹುಳು ಬಂದರೆ ಹೊಲವಿಡೀ ಬೋಳಾಗುತ್ತದೆ.

ಶ್ರೀಗಂಧದ ಬಗ್ಗೆ ಎಲ್ಲರೂ ಕೇಳುತ್ತಾರೆ. 2001ರ ತಿದ್ದುಪಡಿಯ ನಂತರ ಖಾಸಗಿ ಹೊಲದ ಶ್ರೀಗಂಧಕ್ಕೆ ಹೊಲದವನೇ ಒಡೆಯ. ಆದರೆ ಅದು ಪಕ್ಕದ ಗಿಡದ ಬೇರಿಗೆ ಬೇರು ಹಾಕಿ ಆಹಾರ ಹೀರುವ ಜಾತಿ. ಒಂಟಿಯಾಗಿ ನೆಟ್ಟರೆ ಬಡಕಲಾಗುತ್ತದೆ. ಬುಡದಲ್ಲಿ ತೊಗರಿ, ಒಂದೆರಡು ಮೀಟರ್ ದೂರದಲ್ಲಿ ಹೊಂಗೆಯಂಥ ಶಾಶ್ವತ ಗಿಡ ಬೇಕು. ಬೆಳೆದ ಮೇಲೆ ರಾತ್ರಿ ಕಾಯುವವರೂ ಬೇಕು. ಊರಲ್ಲಿ ಇರದವರು ಇದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಅಂತರ 5 ಮೀಟರ್‌ಗೆ 5 ಮೀಟರ್ ಇಟ್ಟುಕೊಳ್ಳಿ. ಎಕರೆಗೆ ಸುಮಾರು 160 ಗಿಡ. ಮೂರು ಮೀಟರ್‌ಗೆ ಇಳಿಸಿದರೆ 450ರಷ್ಟು ಕೂಡುತ್ತವೆ, ಆದರೆ ಇಷ್ಟು ಕಡಿಮೆ ಮಳೆಯಲ್ಲಿ ಅವು ಮೂರನೆಯ ವರ್ಷಕ್ಕೆ ಒಂದರ ನೀರನ್ನು ಇನ್ನೊಂದು ಕಸಿಯಲು ಶುರುಮಾಡುತ್ತವೆ. ನೆರೆಯ ಹೊಲದ ಒಡ್ಡಿನಿಂದ 10 ಅಡಿ ಬಿಡಿ. ನಿಮ್ಮ ಬೇವಿನ ನೆರಳು ಅವರ ಜೋಳದ ಮೇಲೆ ಬಿದ್ದರೆ ಜಗಳ ಶುರುವಾಗುವುದು ಹತ್ತು ವರ್ಷದ ಮೇಲೆ, ಆಗ ಬೀಳುವುದು ನಿಮ್ಮ ಗಿಡ.

ಬಳ್ಳಾರಿ ಜಾಲಿಯ ಲೆಕ್ಕ ತೀರಿಸುವುದು

ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ಎಂಟು ಬರುತ್ತವೆ. ಅದು ಚಿಗುರುವುದು ಬುಡದ ಗಂಟಿನಿಂದ. ಆದ್ದರಿಂದ ಸುತ್ತ ಮಣ್ಣು ಬಿಡಿಸಿ, ನೆಲದಿಂದ ಒಂದಡಿ ಕೆಳಗೆ ತಾಯಿಬೇರನ್ನು ಕತ್ತರಿಸಿ ಗಂಟನ್ನೇ ಹೊರಗೆ ತೆಗೆಯಬೇಕು. ಮಳೆ ಬಂದು ನೆಲ ಮೆತ್ತಗಾದಾಗ ಈ ಕೆಲಸ ಹಗುರ, ಜೆಸಿಬಿ ಇದ್ದರೆ ಇನ್ನೂ ಹಗುರ. ಎಲ್ಲವನ್ನೂ ಒಂದೇ ವರ್ಷ ಕಿತ್ತುಹಾಕಬೇಡಿ. ಪಶ್ಚಿಮದ ಅಂಚಿನಲ್ಲಿ ಒಂದು ಸಾಲು ಬಿಟ್ಟರೆ ಮೊದಲೆರಡು ವರ್ಷ ಗಾಳಿಗೆ ಅಡ್ಡವಾಗುತ್ತದೆ. ಕಾಯಿ ಬಲಿಯುವ ಮುನ್ನ ಕೊಂಬೆ ಸವರಿದರೆ ಸಾಕು. ಕಡಿದ ಮುಳ್ಳನ್ನು ಸುಡಬೇಡಿ, ಮುಂದೆ ಅದರ ಕೆಲಸವಿದೆ.

ತಗ್ಗು ಮತ್ತು ನೀರಿನ ದಾರಿ

ನನ್ನ ಖರ್ಚಿನ ಅರ್ಧಕ್ಕಿಂತ ಹೆಚ್ಚು ಹೋದದ್ದು ಇಲ್ಲಿಗೆ, ಮತ್ತೆ ಮಾಡುವುದಾದರೂ ಇಲ್ಲೇ ಹಾಕುತ್ತೇನೆ. ತಗ್ಗು ತೆಗೆಯುವುದು ಏಪ್ರಿಲ್ ಇಲ್ಲವೇ ಮೇ ತಿಂಗಳಲ್ಲಿ. ಮಸಾರಿ ಮತ್ತು ಗರಸಿನಲ್ಲಿ 2 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳ; ಆಳವಾದ ಮೆತ್ತನೆಯ ಮಣ್ಣಿನಲ್ಲಿ ಒಂದೂವರೆ ಅಡಿ ಸಾಕು. ಮೇಲಿನ ಅರ್ಧ ಅಡಿ ಮಣ್ಣನ್ನು ಒಂದು ಬದಿಗೆ, ಕೆಳಗಿನದನ್ನು ಇನ್ನೊಂದು ಬದಿಗೆ ಹಾಕಿಸಿ. ಕೂಲಿಯವರು ಎರಡನ್ನೂ ಬೆರೆಸಿಬಿಡುತ್ತಾರೆ. ಮೊದಲ ಹತ್ತು ತಗ್ಗಿಗೆ ನೀವೇ ನಿಂತು ಹೇಳಿದರೆ ಆಮೇಲೆ ರೂಢಿಯಾಗುತ್ತದೆ. ಮೂರು ನಾಲ್ಕು ವಾರ ಬಿಸಿಲು ತಿಂದ ತಗ್ಗಿನಲ್ಲಿ ಗೊಣ್ಣೆಹುಳು, ಗೆದ್ದಲಿನ ಕಾಟ ಕಡಿಮೆ.

ಎರೆಯಲ್ಲಿ ಒಂದು ಎಚ್ಚರ. ಹಸಿಯಿದ್ದಾಗ ಸಲಿಕೆಯಿಂದ ತೆಗೆದ ತಗ್ಗಿನ ಗೋಡೆ ಮಡಕೆಯ ಒಳಮೈಯಂತೆ ನುಣುಪಾಗುತ್ತದೆ. ಬೇರು ಅದನ್ನು ಭೇದಿಸದೆ ಸುತ್ತುತ್ತದೆ, ನೀರು ಬಸಿಯದೆ ನಿಲ್ಲುತ್ತದೆ. ನೆಡುವ ಮುನ್ನ ಪಿಕಾಸಿಯಿಂದ ನಾಲ್ಕೂ ಗೋಡೆಯನ್ನು ಗೀರಿ ಒರಟು ಮಾಡಿ.

ಇನ್ನು ನೀರು. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್. ತಗ್ಗಿನ ಮೇಲ್ಬದಿಯ 10 ಚದರ ಮೀಟರ್ ನೆಲವನ್ನು ಗಿಡದ ಕಡೆ ಇಳಿಜಾರು ಮಾಡಿದರೆ, 20 ಮಿ.ಮೀ. ಮಳೆಗೆ 200 ಲೀಟರ್ ಬೀಳುತ್ತದೆ. ಕಾಲುಭಾಗ ಹರಿದು ಬಂದರೂ 50 ಲೀಟರ್ ಆಯಿತು. ಟ್ಯಾಂಕರಿನವರು ಇಷ್ಟು ಅಗ್ಗಕ್ಕೆ ಕೊಡುವುದಿಲ್ಲ. ಇದಕ್ಕಾಗಿ ಪ್ರತಿ ತಗ್ಗಿನ ಕೆಳಬದಿಗೆ ಅರ್ಧಚಂದ್ರದ ಆಕಾರದಲ್ಲಿ ಒಂದಡಿ ಎತ್ತರದ ಒಡ್ಡು ಹಾಕಬೇಕು, ತುದಿಯಿಂದ ತುದಿಗೆ ಎರಡೂವರೆ, ಮೂರು ಮೀಟರ್. ಬಾಯಿ ಇಳಿಜಾರಿನ ಮೇಲ್ಬದಿಗೆ ತೆರೆದಿರಲಿ. ತಗ್ಗಿನಿಂದ ತೆಗೆದ ಕೆಳಮಣ್ಣೇ ಇದಕ್ಕೆ ಸಾಕಾಗುತ್ತದೆ. ಎರೆಯ ಸಪಾಟು ನೆಲದಲ್ಲಿ ಚಂದ್ರ ಬೇಡ, ಹಿಂಗಾರಿಗೆ ಮಾಡುವ ಚೌಕು ಮಡಿಯೇ ಸಾಕು. ಇಳಿಜಾರಿನಲ್ಲಿ 30 ಅಡಿಗೊಂದರಂತೆ ಸಮಪಾತಳಿಯಲ್ಲಿ, ಅಂದರೆ ಒಂದೇ ಮಟ್ಟದ ಗೆರೆಯಲ್ಲಿ, ಕಂದಕ ತೋಡಿ ಕೆಳಗೆ ಬದು ಹಾಕಿದರೆ ಜೋರು ಮಳೆಯೂ ಹೊಲದಲ್ಲೇ ನಿಲ್ಲುತ್ತದೆ.

ಸಮಪಾತಳಿ ಗುರುತಿಸಲು ಎಂಜಿನಿಯರ್ ಬೇಕಿಲ್ಲ. ಎರಡು ಉದ್ದ ಬಿದಿರುಗಳ ತಲೆ ಕೂಡಿಸಿ ಕಟ್ಟಿ, ನಡುವೆ ಅಡ್ಡಗೋಲು ಬಿಗಿದು, ತಲೆಯಿಂದ ದಾರದಲ್ಲಿ ಒಂದು ಕಲ್ಲು ತೂಗುಬಿಡಿ. ಸಪಾಟು ಸಿಮೆಂಟಿನ ಮೇಲೆ ನಿಲ್ಲಿಸಿ ದಾರ ಅಡ್ಡಗೋಲನ್ನು ಮುಟ್ಟುವ ಜಾಗಕ್ಕೆ ಗುರುತು ಹಾಕಿ. ಎರಡು ಕಾಲು ಅದಲುಬದಲು ಮಾಡಿ ಇನ್ನೊಂದು ಗುರುತು ಹಾಕಿ. ಎರಡರ ನಡುವಿನ ಬಿಂದುವೇ ಸಮ. ಹೊಲದಲ್ಲಿ ಒಂದು ಕಾಲು ಊರಿ, ದಾರ ಆ ಬಿಂದುವಿಗೆ ಬರುವಂತೆ ಇನ್ನೊಂದನ್ನು ಸರಿಸುತ್ತಾ ಗೂಟ ನೆಡುತ್ತಾ ಹೋಗಿ. ಬೆಳಗಿನ ಹೊತ್ತಿನಲ್ಲಿ ಇಬ್ಬರು ಒಂದು ಎಕರೆ ಮುಗಿಸಬಹುದು.

ಸಸಿ ಆರಿಸುವುದು

ಮೊಣಕಾಲಿನಷ್ಟು ಎತ್ತರ, ಬುಡ ಪೆನ್ಸಿಲ್ ದಪ್ಪ, ವಯಸ್ಸು ಆರರಿಂದ ಹನ್ನೆರಡು ತಿಂಗಳು. ಇದಕ್ಕಿಂತ ದೊಡ್ಡದು ಬೇಡ. ಎಲೆ ಹೆಚ್ಚಿದಷ್ಟೂ ಗಿಡ ನೀರು ಕೇಳುತ್ತದೆ, ಆ ನೀರು ತರುವ ಬೇರು ಮಾತ್ರ ಅದೇ ಚೀಲದಲ್ಲಿ ಕುಗ್ಗಿ ಕೂತಿರುತ್ತದೆ. 5ಕ್ಕೆ 8 ಇಂಚಿನ ಚೀಲದಲ್ಲಿ ಮೂರಡಿ ಬೆಳೆದ ಸಸಿಯನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಕೈಮುಗಿದು ಬನ್ನಿ. 8ಕ್ಕೆ 12 ಇಂಚಿನ ಚೀಲದ ಒಂದೂವರೆ ಅಡಿ ಸಸಿ ನನ್ನ ಆಯ್ಕೆ. ಚೀಲದ ತಳ ಒತ್ತಿ ನೋಡಿ. ದಪ್ಪ ಬೇರು ಹಗ್ಗದ ಸುರುಳಿಯಂತೆ ಕೈಗೆ ಸಿಕ್ಕರೆ ಅದು ಹಳೆಯ ಸಸಿ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮಳೆಗಾಲದ ಮುಂಚೆ ರಿಯಾಯಿತಿ ದರದಲ್ಲಿ ಸಸಿ ಸಿಗುತ್ತವೆ. ಮೇ ತಿಂಗಳಲ್ಲೇ ಹೋಗಿ ಹೆಸರು ಬರೆಸದಿದ್ದರೆ ಜೂನ್‌ನಲ್ಲಿ ಉಳಿದದ್ದು ನಿಮ್ಮ ಪಾಲು.

ತರುವಾಗ ಟ್ರ್ಯಾಲಿಯ ಮೇಲೆ ತಾಡಪತ್ರಿ ಹೊದಿಸಿ. ತೆರೆದ ಗಾಡಿಯಲ್ಲಿ 40 ಕಿಲೋಮೀಟರ್ ಗಾಳಿ ತಿಂದ ಎಲೆ ಹೊಲಕ್ಕೆ ಬರುವ ಮೊದಲೇ ಸುಟ್ಟಿರುತ್ತದೆ. ಕಾಂಡ ಹಿಡಿದು ಎತ್ತುವುದನ್ನು ಯಾರಿಗೂ ಬಿಡಬೇಡಿ. ಚೀಲವನ್ನೇ ಎತ್ತಬೇಕು. ತಂದ ಮೇಲೆ ಎರಡು ವಾರ ಹೊಲದ ಅಂಚಿನಲ್ಲೇ ಇಟ್ಟು, ಮೊದಲು ಮರದ ನೆರಳಲ್ಲಿ, ಆಮೇಲೆ ಬಿಸಿಲಲ್ಲಿ, ನೀರನ್ನು ದಿನ ಬಿಟ್ಟು ದಿನಕ್ಕೆ ಇಳಿಸಿ. ನರ್ಸರಿಯ ಹಸಿರು ಬಲೆಯ ಕೆಳಗೆ ಬೆಳೆದದ್ದಕ್ಕೆ ನಮ್ಮ ಬಿಸಿಲು ಗೊತ್ತಿರುವುದಿಲ್ಲ.

ತಾನಾಗಿ ಹುಟ್ಟಿದ ಸಸಿಯನ್ನು ಕಿತ್ತು ತರುವುದು

ಊರ ಸುತ್ತ ಇರುವ ಬೇವಿನ ಮರಗಳೇ ಒಂದು ದೊಡ್ಡ ನರ್ಸರಿ. ಜೂನ್, ಜುಲೈನಲ್ಲಿ ಹಣ್ಣು ಉದುರಿ, ಮೊದಲ ಮಳೆಗೆ ಬುಡದಲ್ಲಿ ನೂರಾರು ಮೊಳಕೆ ಏಳುತ್ತವೆ. ದೊಡ್ಡ ಮರದ ನೆರಳಲ್ಲಿ ಅವು ಬದುಕುವುದಿಲ್ಲ, ಆದ್ದರಿಂದ ಕಿತ್ತರೆ ಪಾಪವಿಲ್ಲ. ಆದರೆ ನಿಮ್ಮ ಹೊಲದಲ್ಲಿ, ಅಥವಾ ಕೇಳಿಕೊಂಡು ನೆರೆಯವರ ಹೊಲದಲ್ಲಿ ಮಾತ್ರ. ಅರಣ್ಯ ಜಮೀನಿನಿಂದ ಕಿತ್ತು ತಂದರೆ ಅದು ಅಪರಾಧ.

ಅತ್ಯಂತ ಸುಲಭದ್ದು ನಾಲ್ಕಾರು ಎಲೆಯ, ಗೇಣುದ್ದದ ಸಸಿ. ಮಳೆ ಬಿದ್ದ ಮರುದಿನ ಸಂಜೆ, ಖುರಪಿಯನ್ನು ನೇರವಾಗಿ ಆಳಕ್ಕೆ ಇಳಿಸಿ ಮಣ್ಣಿನ ಸಮೇತ ಎತ್ತಿ. ಎಳೆಯಬೇಡಿ, ಎಳೆದರೆ ತುದಿಬೇರು ನೆಲದಲ್ಲೇ ಉಳಿಯುತ್ತದೆ. ಒದ್ದೆ ಗೋಣಿತಾಟಿನಲ್ಲಿ ಸುತ್ತಿ ತಂದು ಆ ರಾತ್ರಿಯೇ ಚೀಲಕ್ಕೆ ತುಂಬಿ. ಬೇರು ಚೀಲಕ್ಕಿಂತ ಉದ್ದವಿದ್ದರೆ ಮಡಚಿ ತುರುಕಬೇಡಿ, ಹರಿತವಾದ ಚಾಕುವಿನಿಂದ ತುದಿ ಕತ್ತರಿಸಿ. ಮೂರು ನಾಲ್ಕು ವಾರ ನೆರಳು. ಮೊದಲ ವಾರ ಎಲೆ ಜೋಲುತ್ತದೆ, ಹೆದರಿ ನೀರು ಸುರಿದರೆ ಬೇರು ಕೊಳೆಯುತ್ತದೆ. ಇವು ಮುಂದಿನ ವರ್ಷದ ಮಳೆಗೆ ಹೊಲ ಸೇರುವ ಸಸಿಗಳು.

ಎರಡು ಮೂರು ಅಡಿ ಬೆಳೆದು ಒಡ್ಡಿನ ಮೇಲೋ ದಾರಿಯಲ್ಲೋ ಅಡ್ಡ ನಿಂತ ಗಿಡವನ್ನೂ ಸರಿಸಬಹುದು, ಆದರೆ ಆರು ತಿಂಗಳ ತಯಾರಿ ಬೇಕು. ಬುಡದ ದಪ್ಪದ ಹತ್ತು, ಹನ್ನೆರಡು ಪಟ್ಟು ಅಗಲದ ಮಣ್ಣಿನ ಗುಂಡು ಉಳಿಯಬೇಕು, 2 ಸೆಂ.ಮೀ. ದಪ್ಪದ ಗಿಡಕ್ಕೆ 20ರಿಂದ 24 ಸೆಂ.ಮೀ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಆ ಅಳತೆಯ ವೃತ್ತ ಗೀರಿ, ಅರ್ಧ ವೃತ್ತಕ್ಕೆ ಒಂದಡಿ ಆಳ ಕಾಲುವೆ ತೋಡಿ, ಸಿಕ್ಕ ಅಡ್ಡಬೇರುಗಳನ್ನು ಕತ್ತರಿಸಿ, ಮಣ್ಣು ಮುಚ್ಚಿ ಒಂದೆರಡು ಸಲ ನೀರು ಹಾಕಿ. ಎರಡು ತಿಂಗಳ ಮೇಲೆ ಉಳಿದ ಅರ್ಧ. ಕತ್ತರಿಸಿದ ಕಡೆ ದಾರದಂಥ ಹೊಸ ಬೇರುಗಳು ಗುಂಪಾಗಿ ಬರುತ್ತವೆ. ಗಿಡವನ್ನು ಹೊಸ ಜಾಗದಲ್ಲಿ ಬದುಕಿಸುವುದು ಅವೇ. ಮಳೆಗಾಲದಲ್ಲಿ ಮೋಡ ಕವಿದ ಸಂಜೆ, ಹಿಂದಿನ ದಿನ ಬುಡಕ್ಕೆ ನೀರು ಹಾಕಿ, ಕಾಲುವೆ ಬಿಡಿಸಿ, ಕೆಳಗಿನ ತಾಯಿಬೇರನ್ನು ಒಂದೇ ಏಟಿಗೆ ಕತ್ತರಿಸಿ, ಗುಂಡನ್ನು ಗೋಣಿತಾಟಿನಲ್ಲಿ ಬಿಗಿಯಾಗಿ ಕಟ್ಟಿ ಎತ್ತಿ. ಎಲೆಗಳಲ್ಲಿ ಅರ್ಧದಷ್ಟನ್ನು ಸವರಿ. ಮೊದಲು ಯಾವ ದಿಕ್ಕಿಗೆ ಬಿಸಿಲು ಬೀಳುತ್ತಿತ್ತೋ ಅದೇ ದಿಕ್ಕಿಗೆ ನೆಡಲು ಕಾಂಡದ ಮೇಲೆ ಸುಣ್ಣದ ಚುಕ್ಕೆ ಇಡುತ್ತೇನೆ. ಇದರಿಂದ ಎಷ್ಟು ಲಾಭವೋ ಗೊತ್ತಿಲ್ಲ, ಸುಣ್ಣಕ್ಕೇನೂ ಖರ್ಚಿಲ್ಲ.

ಬೇವು, ಹೊಂಗೆ ಇದನ್ನೆಲ್ಲ ಸಹಿಸುತ್ತವೆ. ಹಳೆಯ ವಾಡೆಯ ಗೋಡೆಯಲ್ಲಿ ಹುಟ್ಟಿದ ಆಲ, ಅರಳಿಯಂತೂ ಬೇರಿಗೆ ಸ್ವಲ್ಪ ಸುಣ್ಣಗಾರೆ ಅಂಟಿಕೊಂಡಿದ್ದರೂ ಬದುಕುತ್ತವೆ. ನಮ್ಮ ಮನೆಯ ಹಿತ್ತಲ ಗೋಡೆಯಿಂದ ತೆಗೆದ ಅರಳಿ ಈಗ ನನಗಿಂತ ಎತ್ತರ. ಸಂರಕ್ಷಿತ ಸ್ಮಾರಕಗಳ ಗೋಡೆಗೆ ಮಾತ್ರ ಕೈ ಹಾಕಬೇಡಿ, ಅದು ಇಲಾಖೆಯವರ ಕೆಲಸ. ಕಮರ ಮತ್ತು ಬನ್ನಿ ಕಿತ್ತರೆ ಮುನಿಯುವ ಜಾತಿಗಳು. ಎಳೆತನದಲ್ಲೇ ಅವುಗಳ ತಾಯಿಬೇರು ಕಾಂಡದ ಹಲವು ಪಟ್ಟು ಕೆಳಗೆ ಹೋಗಿರುತ್ತದೆ. ಅವನ್ನು ಬೀಜದಿಂದಲೇ ಬೆಳೆಸಿ: ಸಿದ್ಧ ತಗ್ಗಿನಲ್ಲಿ ಮೂರು ಬೀಜ ಊರಿ, ಬದುಕಿದ ಗಟ್ಟಿಯಾದದ್ದೊಂದನ್ನು ಉಳಿಸಿಕೊಳ್ಳಿ. ಬನ್ನಿ ಬೀಜವನ್ನು ಒಂದು ದಿನ ನೀರಲ್ಲಿ ನೆನೆಸಿಡಬೇಕು.

ಯಾವ ಮಳೆಗೆ ಹಚ್ಚಬೇಕು

ಜೂನ್ 5ರ ಪರಿಸರ ದಿನಕ್ಕೆ ಹಚ್ಚಿದ ಸಸಿಗಳ ಗತಿ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಅಂದು ಮೃಗಶಿರ ಇನ್ನೂ ಕೂಡಿರುವುದಿಲ್ಲ. ಕೂಡಿದ ಮೇಲೂ ನಂಬುವಂತಿಲ್ಲ. ಜೂನ್‌ನಲ್ಲಿ ಎರಡು ಒಳ್ಳೆಯ ಮಳೆ ಕೊಟ್ಟು, ಜುಲೈ, ಆಗಸ್ಟ್‌ನಲ್ಲಿ ಮೂರು ನಾಲ್ಕು ವಾರ ಬರೀ ಗಾಳಿ ಬೀಸುವುದು ಇಲ್ಲಿಯ ರೀತಿ. ನನ್ನ 300 ಸಸಿಗಳಲ್ಲಿ ಬಹುಪಾಲು ಸೋತದ್ದು ಆ ಗಾಳಿಯಲ್ಲೇ.

ಈಗ ನಾನು ಪಂಚಾಂಗಕ್ಕಿಂತ ಹಾರೆಯನ್ನು ಹೆಚ್ಚು ನಂಬುತ್ತೇನೆ. ಮಳೆ ನಿಂತ ಮರುದಿನ ತಗ್ಗಿನ ಪಕ್ಕ ಅಗೆದು ನೋಡಿ. ಒಂದೂವರೆ ಅಡಿವರೆಗೂ ಹಸಿ ಇದ್ದರೆ, ಹಿಡಿ ಮಣ್ಣು ಉಂಡೆಯಾಗಿ ನಿಂತರೆ, ಮಸಾರಿಯಲ್ಲಿ ಹಚ್ಚಬಹುದು. ಕೆಲವು ವರ್ಷ ಅದು ಜುಲೈನ ಪುನರ್ವಸು ಮಳೆಗೇ ಆಗುತ್ತದೆ, ಕೆಲವು ವರ್ಷ ಆಗಸ್ಟ್ ಕೊನೆಯ ಹುಬ್ಬಾ ಮಳೆ ಬರುವ ತನಕ ಕಾಯಬೇಕು. ಎರೆಯಲ್ಲಿ ನಾನು ಆಗಸ್ಟ್ ಕೊನೆಯ ತನಕ ಕಾಯುತ್ತೇನೆ. ಹಿಂಗಾರಿ ಬಿತ್ತುವವರ ಲೆಕ್ಕವೂ ಅದೇ: ಮುಂಗಾರಿಯಲ್ಲಿ ಹರಗಿ ಹೊಲ ತೆರೆದಿಟ್ಟು, ಸೆಪ್ಟೆಂಬರ್ ಮಳೆಗೆ ಹೊಟ್ಟೆ ತುಂಬಿದ ನೆಲಕ್ಕೆ ಬೀಜ ಕೊಡುವುದು. ಉತ್ತರಿ ಮಳೆಗೆ ಹಚ್ಚಿದ ಸಸಿಗೆ ನವೆಂಬರ್ ತನಕ ಬೆಚ್ಚಗಿನ ಹಸಿ ನೆಲ ಸಿಗುತ್ತದೆ, ಬೇರಿಗೆ ಅಷ್ಟು ಸಾಕು. ಅಕ್ಟೋಬರ್ ಮೊದಲಿನ ಹಸ್ತಾ ಮಳೆ ದಾಟಿದರೆ ಆ ವರ್ಷ ನಿಲ್ಲಿಸಿಬಿಡಿ, ಸಸಿಗಳನ್ನು ದೊಡ್ಡ ಚೀಲಕ್ಕೆ ಬದಲಿಸಿ ಮನೆಯ ಹಿತ್ತಲಲ್ಲಿ ಕಾಪಾಡಿ.

ನೆಡುವ ದಿನ

ಸಂಜೆ 4ರ ನಂತರ, ಇಲ್ಲವೇ ಮೋಡವಿದ್ದರೆ ದಿನವಿಡೀ. ಮೇಲ್ಮಣ್ಣಿಗೆ ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತಗ್ಗಿನ ಮುಕ್ಕಾಲು ಭಾಗ ತುಂಬಿ ತುಳಿಯಿರಿ. ಅರೆಬೆಂದ ಗೊಬ್ಬರ ಹಾಕಿದರೆ ಗೆದ್ದಲಿಗೆ ಊಟಕ್ಕೆ ಕರೆದಂತೆ. ಚೀಲವನ್ನು ನೀರಿನ ಬುಟ್ಟಿಯಲ್ಲಿ ಗುಳ್ಳೆ ನಿಲ್ಲುವ ತನಕ ಮುಳುಗಿಸಿ. ಬ್ಲೇಡಿನಿಂದ ತಳವನ್ನು ಒಂದು ಬೆರಳು ದಪ್ಪ ಮಣ್ಣಿನ ಸಮೇತ ಕತ್ತರಿಸಿ ತೆಗೆಯಿರಿ. ಸುರುಳಿ ಸುತ್ತಿದ ಬೇರು ಅಲ್ಲೇ ಇರುವುದು. ಆಮೇಲೆ ಬದಿಗೆ ಮೇಲಿನಿಂದ ಕೆಳಗೆ ಎರಡು ಗೀರು ಹಾಕಿ. ಬೇರು ಕತ್ತರಿಸುವಾಗ ಜೊತೆಗಿದ್ದವರು ಅಯ್ಯೋ ಎನ್ನುತ್ತಾರೆ. ಕತ್ತರಿಸಿದ ಕಡೆಯಿಂದಲೇ ಹೊಸ ಬೇರು ಕೆಳಮುಖವಾಗಿ ಹೊರಡುತ್ತದೆ.

ಚೀಲದಲ್ಲಿ ಮಣ್ಣಿನ ಮಟ್ಟ ಎಲ್ಲಿತ್ತೋ ನೆಲದಲ್ಲೂ ಅಲ್ಲೇ ಇರಲಿ. ಆಳಕ್ಕೆ ಹೋದರೆ ಬುಡ ಕೊಳೆಯುತ್ತದೆ, ಮೇಲೆ ಉಳಿದರೆ ಒಣಗುತ್ತದೆ. ಮಣ್ಣು ತುಂಬಿ ಹಿಮ್ಮಡಿಯಿಂದ ಸುತ್ತ ಗಟ್ಟಿಯಾಗಿ ಒತ್ತಿ, ಒಳಗೆ ಗಾಳಿ ಉಳಿಯಬಾರದು. ಒಂದು ಎಲೆ ಹಿಡಿದು ಎಳೆಯಿರಿ: ಎಲೆ ಹರಿದರೆ ಸರಿ, ಗಿಡ ಎದ್ದರೆ ಮತ್ತೆ ತುಳಿಯಿರಿ. ಮಳೆ ಬರುತ್ತಿದ್ದರೂ 10 ಲೀಟರ್ ನೀರು ಹಾಕಿ. ಖಾಲಿ ಚೀಲಗಳನ್ನು ಎಣಿಸಿಕೊಳ್ಳಿ, 160 ಸಸಿಗೆ 160 ಚೀಲ. ಕಡಿಮೆ ಬಂದರೆ ಯಾರೋ ಚೀಲ ಬಿಚ್ಚದೆ ನೆಟ್ಟಿದ್ದಾರೆ. ನನ್ನ ಮೊದಲ ವರ್ಷದಲ್ಲಿ ಅಂಥವು ಏಳು ಸಿಕ್ಕವು.

ಕೊನೆಗೆ ತೊಗರಿ. ಮಸಾರಿಯಲ್ಲಿ ಜುಲೈನಲ್ಲೇ ಹಚ್ಚಿದ್ದರೆ ಸಸಿಯ ದಕ್ಷಿಣ ಮತ್ತು ಪಶ್ಚಿಮಕ್ಕೆ ಎರಡಡಿ ದೂರದಲ್ಲಿ ನಾಲ್ಕಾರು ಕಾಳು ಊರಿ. ಬೇಗ ಎತ್ತರ ಬಂದು ಮಧ್ಯಾಹ್ನದ ಬಿಸಿಲಿಗೆ ಅಡ್ಡವಾಗುತ್ತದೆ, ಗಂಟುಬೇರಿನಿಂದ ನೆಲಕ್ಕೆ ಸಾರಜನಕ ಸೇರಿಸುತ್ತದೆ. ಜನವರಿಯಲ್ಲಿ ಕಾಯಿ ಬಿಡಿಸಿಕೊಂಡು ಕಟ್ಟಿಗೆಯನ್ನು ಹಾಗೇ ನಿಲ್ಲಿಸಿಬಿಡಿ, ಮೇ ತನಕ ನೆರಳು ಕೊಡುತ್ತದೆ.

ಮೊದಲ ಬೇಸಿಗೆ

ಅಕ್ಟೋಬರ್‌ನಲ್ಲಿ ಮೂರಡಿ ಸುತ್ತಳತೆಗೆ ಕಸ ತೆಗೆದು ಮಣ್ಣು ಸಡಿಲಿಸಿ. ಎರೆಯಲ್ಲಿ ಈ ಕೆಲಸ ಫೆಬ್ರವರಿಯಲ್ಲಿ ಮತ್ತೊಮ್ಮೆ ಬೇಕು, ಬಿರುಕಿಗೆ ಮಣ್ಣು ತುಂಬುವುದಕ್ಕಾಗಿ. ಬುಡಕ್ಕೆ ಹೊದಿಕೆ ಹಾಕಿ. ಎರೆಯಲ್ಲಿ ಜೋಳದ ಕಣಿಕೆ, ಕೂಳೆ ಚೆನ್ನ. ಮಸಾರಿಯಲ್ಲಿ ಗೆದ್ದಲು ಅದನ್ನು ತಿಂದು ಗಿಡಕ್ಕೂ ಹತ್ತುತ್ತದೆ, ಅಲ್ಲಿ ಕಲ್ಲು ಹೊದಿಸಿ. ಹೊಲದಲ್ಲಿ ಆರಿಸಿದ ಚಪ್ಪಟೆ ಕಲ್ಲುಗಳನ್ನು ಕಾಂಡದಿಂದ ನಾಲ್ಕು ಬೆರಳು ಬಿಟ್ಟು ಜೋಡಿಸಿದರೆ ಕೆಳಗಿನ ಹಸಿ ಏಪ್ರಿಲ್‌ನಲ್ಲೂ ಕೈಗೆ ತಂಪು ತಾಗುತ್ತದೆ.

ನೀರು 15 ದಿನಕ್ಕೊಮ್ಮೆ, ಸಲಕ್ಕೆ 10 ಲೀಟರ್. ದಿನಾ ಒಂದು ತಂಬಿಗೆ ಹಾಕುವುದು ಕೆಟ್ಟ ಅಭ್ಯಾಸ. ನೀರು ಮೇಲೆಯೇ ಇದ್ದರೆ ಬೇರೂ ಮೇಲೆಯೇ ಇರುತ್ತದೆ. ಎಕರೆಗೆ ಒಂದು ಸುತ್ತಿಗೆ 1,600 ಲೀಟರ್, 5,000 ಲೀಟರಿನ ಒಂದು ಟ್ಯಾಂಕರ್ ಮೂರು ಎಕರೆಗೆ ಬರುತ್ತದೆ. ಡಿಸೆಂಬರ್‌ನಿಂದ ಮೇ ತನಕ ಹತ್ತು ಹನ್ನೆರಡು ಸುತ್ತು ಎಂದು ಖರ್ಚು ಹಾಕಿಕೊಂಡೇ ಎಷ್ಟು ಗಿಡ ಎಂದು ತೀರ್ಮಾನಿಸಿ. ನೆಡುವಾಗಲೇ ಒಂದೂವರೆ ಅಡಿಯ ಹಳೆಯ ಪೈಪಿನ ತುಂಡನ್ನು ಓರೆಯಾಗಿ ಹೂತಿದ್ದರೆ ನೀರು ನೇರ ಕೆಳಬೇರಿಗೆ ಹೋಗುತ್ತದೆ. ಪೈಪ್ ಸಿಗದಿದ್ದರೆ ತಳದಲ್ಲಿ ಸಣ್ಣ ತೂತು ಮಾಡಿ ಬತ್ತಿ ಇಟ್ಟ ಹಳೆಯ ಮಡಕೆ.

ದನ, ಕುರಿ, ಬೆಂಕಿ

ಪಡ ಹೊಲ ಇಷ್ಟು ವರ್ಷ ಊರ ದನಗಳ ಗೋಮಾಳವಾಗಿರುತ್ತದೆ. ಒಂದು ದಿನ ಬೇಲಿ ಹಾಕಿ ನನ್ನದು ಎಂದರೆ ಯಾರೂ ಒಪ್ಪುವುದಿಲ್ಲ. ದೀಪಾವಳಿಯ ನಂತರ ಹಿಂಡು ಹೊಡೆದುಕೊಂಡು ಬರುವ ಕುರಿಗಾರರನ್ನು ಮೊದಲೇ ಕಂಡು ಮಾತಾಡಿ. ಬಿಟ್ಟ ಹುಲ್ಲಿನ ಭಾಗವನ್ನು ಮೇಯಲು ಕೊಡಿ, ಅಲ್ಲಿ ಎರಡು ರಾತ್ರಿ ಹಿಂಡು ಕೂರಿಸಿ ಎಂದು ಕೇಳಿ. ಗೊಬ್ಬರವೂ ಆಯಿತು, ಕಾವಲೂ ಆಯಿತು. ಆಡಿಗೆ ಮಾತ್ರ ಯಾವ ಒಪ್ಪಂದವೂ ತಿಳಿಯುವುದಿಲ್ಲ. ಅದಕ್ಕೆ, ಕಡಿದಿಟ್ಟ ಜಾಲಿ ಮುಳ್ಳನ್ನು ಪ್ರತಿ ಸಸಿಯ ಸುತ್ತ ಕಟ್ಟಿ. ಹೊಲದ ಅಂಚಿಗೆ ಕತ್ತಾಳೆ, ಕಳ್ಳಿ ಹಚ್ಚಿದರೆ ಮೂರನೆಯ ವರ್ಷಕ್ಕೆ ಜೀವಬೇಲಿ ಸಿದ್ಧ.

ಫೆಬ್ರವರಿ ಮುಗಿಯುವುದರೊಳಗೆ ಹೊಲದ ಸುತ್ತ 10 ಅಡಿ ಅಗಲ ಹರಗಿ ಹುಲ್ಲು ತೆಗೆಯಿರಿ. ಪಕ್ಕದವರು ಕಬ್ಬಿನ ರವದಿ ಸುಡುವಾಗ ಹಾರುವ ಕಿಡಿ ಒಂದು ಸಾಕು.

ಕಾಗದಪತ್ರ

ಹದ್ದುಬಸ್ತು ಮಾಡಿಸಿಯೇ ಅಂಚಿನ ಗಿಡ ಹಚ್ಚಿ. ಗಿಡಗಳ ಜಾತಿ, ಸಂಖ್ಯೆ ಪಹಣಿಯಲ್ಲಿ ಬರುವಂತೆ ನೋಡಿಕೊಳ್ಳಿ. ಮುಂದೆ ಕಡಿಯುವ ಪ್ರಶ್ನೆ ಬಂದಾಗ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಕೇಳಲು ದಾಖಲೆ ಬೇಕಾಗುತ್ತದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಗೆ ನೆಡುವ ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಅಲ್ಲಿ ಹಣ ಕೊಡುವುದು ನೆಟ್ಟ ಗಿಡಕ್ಕಲ್ಲ, ಮೂರು ವರ್ಷ ಎಣಿಸಿ ಉಳಿದ ಗಿಡಕ್ಕೆ. ಈಗಿನ ದರ ಕಚೇರಿಯಲ್ಲೇ ಕೇಳಿಕೊಳ್ಳಿ.

ಎರಡನೆಯ ವರ್ಷದಿಂದ

ಜೂನ್ ಮೊದಲ ವಾರ ಒಂದೊಂದೇ ಗಿಡದ ಬಳಿ ನಿಂತು ಎಣಿಸಿ. ಒಣಗಿದಂತೆ ಕಂಡರೆ ತಕ್ಷಣ ಕೀಳಬೇಡಿ, ಬುಡದ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ನೆಲದಿಂದ ಎರಡು ಇಂಚು ಬಿಟ್ಟು ಕತ್ತರಿಸಿ, ಮಳೆಗೆ ಚಿಗುರುತ್ತದೆ. ನಿಜವಾಗಿ ಸತ್ತ ಜಾಗಕ್ಕೆ ಅದೇ ಜಾತಿಯನ್ನು ಮತ್ತೆ ಹಚ್ಚುವ ಹಟ ಬೇಡ. ಒಂದೇ ಕಡೆ ಐದಾರು ಸತ್ತಿದ್ದರೆ ಅಗೆದು ನೋಡಿ, ಕೆಳಗೆ ಬಂಡೆ ಇರುತ್ತದೆ, ಇಲ್ಲವೇ ನೀರು ನಿಂತಿರುತ್ತದೆ. ನನ್ನ ಎರಡನೆಯ ಸುತ್ತಿನಲ್ಲಿ, ಮೇಲೆ ಹೇಳಿದ ರೀತಿಯಲ್ಲಿ 3 ಎಕರೆಗೆ ಹಚ್ಚಿದ 480ರಲ್ಲಿ ಒಂದು ಬೇಸಿಗೆ ದಾಟಿದ್ದು 371. ಸತ್ತವುಗಳಲ್ಲಿ ಹೆಚ್ಚಿನವು ಒಂದೇ ಮೂಲೆಯವು, ಅಲ್ಲಿ ಈಗ ಬೋರೆ ಹಚ್ಚಿದ್ದೇನೆ.

ಎರಡನೆಯ ಬೇಸಿಗೆಯಲ್ಲಿ ನೀರು ತಿಂಗಳಿಗೊಮ್ಮೆ, 20 ಲೀಟರ್. ಮೂರನೆಯದರಲ್ಲಿ ನಿಲ್ಲಿಸಿ. ಒಡೆದ ಅರ್ಧಚಂದ್ರಗಳನ್ನು ಪ್ರತಿ ಮೇ ತಿಂಗಳಲ್ಲಿ ಸರಿಪಡಿಸಿ. ಕೆಳಗಿನ ಕೊಂಬೆಗಳನ್ನು ಮೂರು ವರ್ಷ ಸವರಬೇಡಿ, ಬುಡದ ಮೇಲೆ ಬೀಳುವ ನೆರಳು ಬೇಕು; ಆಮೇಲೆ ಎತ್ತರದ ಮೂರನೆಯ ಒಂದು ಭಾಗದಷ್ಟು ಮಾತ್ರ, ಅದೂ ಚಳಿಗಾಲದಲ್ಲಿ.

ನಾಲ್ಕನೆಯ ಮಳೆಗಾಲದಲ್ಲಿ ಬೇವು, ಬೋರೆಗಳ ಕೆಳಗೆ ನೀವು ನೆಡದ ಸಸಿಗಳು ಕಾಣತೊಡಗುತ್ತವೆ. ಕೊಂಬೆಯ ಮೇಲೆ ಕೂತ ಪಿಕಳಾರ, ಗೊರವಂಕಗಳು ಎಲ್ಲೆಲ್ಲಿಂದಲೋ ತಂದು ಹಾಕಿದವು. ಕಸ ತೆಗೆಯುವವರಿಗೆ ಮೊದಲೇ ತೋರಿಸಿ ಪಕ್ಕದಲ್ಲಿ ಒಂದು ಕಡ್ಡಿ ನೆಡಿ, ಇಲ್ಲದಿದ್ದರೆ ಖುರಪಿಯಿಂದ ಕೆರೆದು ಹಾಕುತ್ತಾರೆ. ಬಯಲಲ್ಲಿ ಹುಟ್ಟಿದ್ದಕ್ಕೆ ಅಲ್ಲೇ ಮುಳ್ಳು ಕಟ್ಟಿ. ದೊಡ್ಡ ಗಿಡದ ಬುಡಕ್ಕೇ ಅಂಟಿಕೊಂಡು ಹುಟ್ಟಿದ್ದನ್ನು ಮಳೆ ಬಿದ್ದ ಮರುದಿನ ಸಂಜೆ, ಖುರಪಿ ಆಳಕ್ಕೆ ಇಳಿಸಿ, ಮಣ್ಣಿನ ಸಮೇತ ಎತ್ತಿಕೊಳ್ಳಿ.